ಅಮಾವಾಸ್ಯೆಯ ಬಳಕೆದಾರ: ಮೊಬೈಲ್ ಆ್ಯಪ್‌ಗಳ ಸಕ್ರಿಯತಾಮಾಪನವನ್ನು ಕುರಿತು

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯು ತುಂಗಭದ್ರೆಯ ದಡದ ಒಂದು ಗ್ರಾಮ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿಂದ ಅದಕ್ಕೆ ಪ್ರಸಿದ್ಧಿ. ಅಜ್ಜಯ್ಯನಿಗೆ ನಡೆದುಕೊಳ್ಳುವ ಮನೆತನಗಳು ಅಮಾವಾಸ್ಯೆಯಂದು ಇಲ್ಲಿಗೆ ಬಂದು, ಹೊಳೆಯಲ್ಲಿ ಮಿಂದು, ಗದ್ದುಗೆಯ ದರ್ಶನ ಮಾಡಿ, ಊರಿಗೆ ಮರಳಿ, ಮುಂದಿನ ಅಮಾವಾಸ್ಯೆಗೆ ಮತ್ತೆ ಬರುವುವು. ನಡುವಣ ದಿನಗಳಲ್ಲಿ ಅವರು ಕಾಣದಿದ್ದ ಮಾತ್ರಕ್ಕೆ ಅವರ ನಿಷ್ಠೆ ಶಿಥಿಲವಾಯಿತೆಂದು ಅಲ್ಲಿ ಯಾರೂ ಭಾವಿಸರು. ಮೊಬೈಲ್ ಆ್ಯಪ್‌ಗಳ ಬಳಕೆಯನ್ನು ಅಳೆಯಲು ಇಂದು ಸರ್ವತ್ರ ರೂಢಿಯಲ್ಲಿರುವ ಮಾನಗಳಾದರೋ ಈ ಬಗೆಯ ನಿಷ್ಠಾವಂತನನ್ನು ಬಿಟ್ಟುಹೋದವರ ಪಟ್ಟಿಗೆ ಸೇರಿಸುವುವು. ಅದು ಹೇಗೆ, ಏತಕ್ಕೆ ಎಂಬುದೇ ಈ ಲೇಖನದ ವಿಚಾರ.

ಮೊದಲು ಆ ಮಾನಗಳ ಸ್ವರೂಪ. ಒಂದು ದಿನದಲ್ಲಿ ಆ್ಯಪನ್ನು ಒಮ್ಮೆಯಾದರೂ ಬಳಸಿದ ಭಿನ್ನಭಿನ್ನ ವ್ಯಕ್ತಿಗಳ ಸಂಖ್ಯೆಯು ದೈನಿಕ ಸಕ್ರಿಯ ಬಳಕೆದಾರರು, ಉದ್ಯಮದವರ ಬಾಯಲ್ಲಿ ಡಿಎಯು. ತಿಂಗಳೊಂದರಲ್ಲಿ ಬಳಸಿದವರ ಸಂಖ್ಯೆಯು ಎಂಎಯು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಬರುವ ಪ್ರಮಾಣವನ್ನು ಮೂವತ್ತರಿಂದ ಗುಣಿಸಿದರೆ, ತಿಂಗಳ ಬಳಕೆದಾರನೊಬ್ಬನು ಸರಾಸರಿ ಎಷ್ಟು ದಿನ ಬಂದನೆಂಬುದು ತಿಳಿಯುತ್ತದೆ. ರಿಟೆನ್ಷನ್ ಎಂಬುದು ಬೇರೆಯದೇ ಪ್ರಶ್ನೆಗೆ ಉತ್ತರ: ಇಂಥ ದಿನ ಹೊಸದಾಗಿ ಬಂದವರನ್ನೆಲ್ಲ ಒಂದು ತಂಡವೆಂದು ಗಣಿಸಿ, ಅವರಲ್ಲಿ ಮೊದಲನೆಯ, ಏಳನೆಯ, ಮೂವತ್ತನೆಯ ದಿನ ಮರಳಿದವರು ಶೇಕಡಾ ಎಷ್ಟು ಎಂದು ಅದು ಕೇಳುತ್ತದೆ. ‘ಸಕ್ರಿಯ’ನೆನ್ನಿಸಿಕೊಳ್ಳಲು ಆ್ಯಪನ್ನು ತೆರೆದರೆ ಸಾಕೆ, ಏನನ್ನಾದರೂ ಮಾಡಬೇಕೆ ಎಂಬುದನ್ನು ಪ್ರತಿಯೊಂದು ಸಂಸ್ಥೆಯೂ ತನಗೆ ತೋಚಿದಂತೆ ನಿಶ್ಚಯಿಸುತ್ತದೆ. 2019ರಲ್ಲಿ ಟ್ವಿಟರ್ ಸಂಸ್ಥೆಯು ಮಾಸಿಕ ಲೆಕ್ಕದ ಪ್ರಕಟಣೆಯನ್ನೇ ಕೈಬಿಟ್ಟು, ಜಾಹೀರಾತು ತೋರಿಸಬಹುದಾದ ದೈನಿಕ ಬಳಕೆದಾರರೆಂಬ ತನ್ನದೇ ಮಾನವನ್ನು ಹೂಡಿದುದುಂಟು.

ದೈನಿಕ-ಮಾಸಿಕಗಳ ಪ್ರಮಾಣಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. 2020ರಲ್ಲಿ ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಅವರು ಆರಂಭಿಸಿದ, ಕನ್ನಡದಿಂದಲೇ ಹೆಜ್ಜೆಯಿಟ್ಟ ‘ಕೂ’ ಎಂಬ ಆ್ಯಪು 2024ರ ಜುಲೈಯಲ್ಲಿ ಮುಚ್ಚಿತು. ಉನ್ನತಿಯ ಕಾಲದಲ್ಲಿ ತಮಗೆ ದಿನಕ್ಕೆ ಸುಮಾರು 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಸಕ್ರಿಯ ಬಳಕೆದಾರರಿದ್ದರೆಂದು ಸ್ಥಾಪಕರೇ ವಿದಾಯದ ಪ್ರಕಟಣೆಯಲ್ಲಿ ತಿಳಿಸಿದರು. ಪ್ರಮಾಣವು ಶೇಕಡಾ 21; ಎಂದರೆ ಒಬ್ಬೊಬ್ಬನಿಗೆ ತಿಂಗಳಿಗೆ ಆರು ದಿನಗಳಿಗಿಂತ ಸ್ವಲ್ಪ ಹೆಚ್ಚು. 2021ರ ಡಿಸೆಂಬರಿನಲ್ಲಿ ಫೇಸ್‌ಬುಕ್ಕಿಗೆ ದಿನಕ್ಕೆ 193 ಕೋಟಿ, ತಿಂಗಳಿಗೆ 291 ಕೋಟಿ ಇದ್ದು, ಪ್ರಮಾಣವು ಶೇಕಡಾ 66ರಷ್ಟಾಗಿತ್ತು. ಹರಟೆಯ ವೇದಿಕೆಗೆ ದಿನವೇ ಸಹಜವಾದ ಅವಧಿಯಾದುದರಿಂದ ಇವೆರಡನ್ನು ಹೋಲಿಸುವುದು ನ್ಯಾಯವೇ. ಆದರೂ ಸರಾಸರಿಯೊಳಗೆ ಒಂದು ವಂಚನೆಯಿದೆ: ಎಲ್ಲರೂ ಆರಾರು ದಿನ ಬಂದರೂ, ಐದನೆಯ ಒಂದು ಪಾಲು ಜನ ಪ್ರತಿದಿನವೂ ಬಂದು ಮಿಕ್ಕವರು ಒಮ್ಮೆ ಇಣಿಕಿ ಹೋದರೂ ಶೇಕಡಾ 21ರ ಆಸುಪಾಸಿನ ಅಂಕಿಯೇ ಬರುವುದು. ಮೊದಲನೆಯದು ಸಾಧಾರಣ ಆಸಕ್ತಿಯ ಲಕ್ಷಣ, ಎರಡನೆಯದು ದೃಢವಾದ ಒಂದು ಬಳಗದ ಲಕ್ಷಣ. ಪ್ರಮಾಣಕ್ಕೆ ಈ ಭೇದ ಗೋಚರಿಸದು.

ಈಗ ಉಕ್ಕಡಗಾತ್ರಿಯ ಯಾತ್ರಿಕನಿಗೆಂದೇ ಒಂದು ಆ್ಯಪು ರಚಿತವಾಯಿತೆಂದೂ, ಅವನು ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ ಅದನ್ನು ತೆರೆಯುವನೆಂದೂ ಭಾವಿಸೋಣ. ಮೂವತ್ತು ದಿನಗಳ ತಿಂಗಳಿನಲ್ಲಿ ಅವನ ಪ್ರಮಾಣ ಶೇಕಡಾ 3.3, ಬಂಡವಾಳ ಹೂಡುವವರ ದೃಷ್ಟಿಯಲ್ಲಿ ಅದು ಮೃತಪ್ರಾಯವಾದ ಆ್ಯಪು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನಗಳ ಅಂತರವಿರುವುದರಿಂದ ಅವನು ಒಮ್ಮೆ 29ನೆಯ ದಿನ, ಒಮ್ಮೆ 30ನೆಯ ದಿನ ಮರಳುವನು. ಕರಾರುವಾಕ್ಕಾಗಿ ಮೂವತ್ತನೆಯ ದಿನವನ್ನೇ ನೋಡುವ ರಿಟೆನ್ಷನ್ ಮಾನವು ಒಂದು ತಂಡವನ್ನು ಸಂಪೂರ್ಣ ನಿಷ್ಠವೆಂದೂ ಮುಂದಿನ ತಂಡವನ್ನು ಸಂಪೂರ್ಣ ಭ್ರಷ್ಟವೆಂದೂ ಸಾರುವುದು. ಇನ್ನೂ ವಿಚಿತ್ರವಾದುದು 2014ರ ಸಂಗತಿ. ಆ ವರ್ಷದ ಜನವರಿಯಲ್ಲಿ ಎರಡು ಅಮಾವಾಸ್ಯೆಗಳು, ಮಾರ್ಚಿನಲ್ಲಿ ಎರಡು, ಫೆಬ್ರುವರಿಯಲ್ಲಿ ಒಂದೂ ಇಲ್ಲ. 2033ರಲ್ಲಿಯೂ ಹೀಗೆಯೇ ಆಗುವುದಿದೆ. ಅಂಥ ಫೆಬ್ರುವರಿಯಲ್ಲಿ ನಮ್ಮ ಯಾತ್ರಿಕರ ಎಂಎಯು ಸೊನ್ನೆ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಪ್ರಮಾಣಕ್ಕೆ ಅರ್ಥವೇ ಇಲ್ಲ, ಮಾರ್ಚಿಗೆ ಅದೇ ಜನ ಇಮ್ಮಡಿ ಉತ್ಸಾಹದಿಂದ ಪುನರ್ಜನ್ಮ ಪಡೆದಂತೆ ತೋರುವರು! ಮನುಷ್ಯರ ನಡತೆಯಲ್ಲಿ ಯಾವ ವ್ಯತ್ಯಾಸವೂ ಆಗಿರುವುದಿಲ್ಲ.

ಮಳೆಗಾಲದಲ್ಲಿ ತುಂಗಭದ್ರೆಯ ನೆರೆಯು ಸ್ನಾನಘಟ್ಟವನ್ನು ಮುಳುಗಿಸಿ ಹಾದಿಯನ್ನೂ ಕಡಿದುಹಾಕುವುದುಂಟು. ಆಗ ಬಳಕೆಯಲ್ಲಾಗುವ ಇಳಿತವನ್ನು ಕಂಡು ಆ್ಯಪಿನ ಬಣ್ಣ ಬದಲಿಸಲು ಹೊರಡುವವನು ಅಂಕಿಯನ್ನು ಓದಿದನೇ ಹೊರತು ಹೊಳೆಯನ್ನು ನೋಡಲಿಲ್ಲ.

ಇದು ಯಾತ್ರೆಗೆ ಮಾತ್ರ ಸಂಬಂಧಿಸಿದ ಚಮತ್ಕಾರವಲ್ಲ. 2020ರ ಮುಂಗಾರಿನಿಂದ ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ಮೊಬೈಲಿನಲ್ಲಿ ಚಿತ್ರಸಹಿತ ದಾಖಲಿಸಲು ರಾಜ್ಯ ಸರ್ಕಾರವು ಒದಗಿಸಿದ ಬೆಳೆ ಸಮೀಕ್ಷೆಯ ಆ್ಯಪನ್ನು ತೆಗೆದುಕೊಳ್ಳಿ. ಭದ್ರಾ ಅಚ್ಚುಕಟ್ಟಿನಲ್ಲಿ ಎರಡು ಬಾರಿ ಭತ್ತ ನಾಟಿಮಾಡುವವನಿಗೆ ವರ್ಷಕ್ಕೆ ಎರಡು ಸಲ ಅದರ ಅಗತ್ಯ; ಮಳೆಯನ್ನೇ ನಂಬಿ ಮೆಕ್ಕೆಜೋಳ ಬಿತ್ತುವ ದಾವಣಗೆರೆ ಸೀಮೆಯ ಖುಷ್ಕಿಯವನಿಗೆ ಮುಖ್ಯವಾಗಿ ಮುಂಗಾರಿನಲ್ಲೊಮ್ಮೆ. ಇಬ್ಬರನ್ನೂ ಮಾಸಿಕ ಮಾನದಿಂದ ಅಳೆದರೆ ನೀರಾವರಿಯುಳ್ಳವನು ಹೆಚ್ಚು ನಿಷ್ಠನೆಂದು ತೋರುವನು. ವಾಸ್ತವದಲ್ಲಿ ನಾವು ಅಳೆದದ್ದು ಕಾಲುವೆಯ ನೀರನ್ನು. ಇಲ್ಲಿ ಕೇಳಬೇಕಾದ ಪ್ರಶ್ನೆಯು ಕಳೆದ ಮುಂಗಾರಿನಲ್ಲಿ ದಾಖಲಿಸಿದವರಲ್ಲಿ ಈ ಮುಂಗಾರಿನಲ್ಲಿಯೂ ತಾವೇ ದಾಖಲಿಸಿದವರು ಎಷ್ಟು ಎಂಬುದೊಂದೇ.

ಆದಕಾರಣ ಬಳಕೆಯ ಸಂದರ್ಭವೇ ಅಳತೆಯ ಅವಧಿಯನ್ನು ನಿಶ್ಚಯಿಸತಕ್ಕದ್ದು. ಉಕ್ಕಡಗಾತ್ರಿಗೆ ಅನ್ವಯಿಸುವಾಗ ಒಂದು ಅಮಾವಾಸ್ಯೆಗೆ ಬಂದವರನ್ನು ಒಂದು ತಂಡವೆಂದಿಟ್ಟು, ಮುಂದಿನ ಅಮಾವಾಸ್ಯೆಯ ಹಿಂದುಮುಂದಿನ ಒಂದೊಂದು ದಿನವನ್ನೂ ಸೇರಿಸಿ ಮರಳಿದವರನ್ನು ಎಣಿಸಬೇಕು. ಇದಕ್ಕೆ ಗಣಕದಲ್ಲಿ ಪಂಚಾಂಗವಿರಬೇಕು. ಅಷ್ಟೇ ಮುಖ್ಯವಾಗಿ ದಿನದ ಗಡಿಯು ಸರಿಯಿರಬೇಕು. ಗ್ರೀನಿಚ್ ಕಾಲಕ್ಕೆ ಹೊಂದಿಸಿದ ಗಣಕದಲ್ಲಿ ಹೊಸ ದಿನವು ನಮ್ಮ ಬೆಳಗಿನ ಐದೂವರೆಗೆ ಹುಟ್ಟುವುದು. ಐದಕ್ಕೆ ಹೊಳೆಯ ದಡದಲ್ಲಿಯೂ ಏಳಕ್ಕೆ ಗುಡಿಯ ಮುಂದೆಯೂ ಆ್ಯಪು ತೆರೆದ ಹೊಸಬನು ಒಂದೇ ಬೆಳಗಿನಲ್ಲಿ ಎರಡು ದಿನ ಸಕ್ರಿಯನಾಗಿ, ಮೊದಲನೆಯ ದಿನದ ರಿಟೆನ್ಷನ್ನಿನಲ್ಲಿ ಮರಳಿ ಬಂದವನೆಂದು ದಾಖಲಾಗುವನು. ಮನೆಮಂದಿಯೆಲ್ಲ ಒಂದೇ ಫೋನಿನಿಂದ ಕೆಲಸ ಸಾಗಿಸುವಲ್ಲಿ ಎಣಿಕೆಗೆ ಸಿಗುವುದು ಫೋನೇ ಹೊರತು ಮನುಷ್ಯನಲ್ಲ; ಈ ತಿಂಗಳು ಮಗನ ಫೋನು, ಮುಂದಿನ ತಿಂಗಳು ಅಳಿಯನ ಫೋನು ಬಂದರೆ ಒಂದೇ ಕುಟುಂಬವು ಒಬ್ಬ ಬಿಟ್ಟುಹೋದವನಾಗಿಯೂ ಒಬ್ಬ ಹೊಸಬನಾಗಿಯೂ ಲೆಕ್ಕಕ್ಕೆ ಬೀಳುತ್ತದೆ. ಈ ದೋಷವನ್ನು ಅವಧಿಯ ತಿದ್ದುಪಡಿಯು ನೀಗಲಾರದು. ಕುಟುಂಬಕ್ಕೆ ಒಂದೇ ಗುರುತನ್ನು ಕೊಟ್ಟು ಎಣಿಸುವ ಬೇರೊಂದು ವ್ಯವಸ್ಥೆಯೇ ಅದಕ್ಕೆ ಬೇಕಾಗುತ್ತದೆ.