ರಂಪಿಗೆಯಿಂದ ಬ್ಲೋವರ್‌ವರೆಗೆ: ನಮ್ಮ ಜಿಲ್ಲೆಯ ಒಂದು ರಿಪೇರಿ ಚರಿತ್ರೆ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಹೊಳೆನರಸೀಪುರ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ಲು. "ಅಣ್ಣ, ಜಗಳದ ವಿಡಿಯೋ ಇರೋ ಮೊಬೈಲು ನೀರಿಗೆ ಬಿದ್ದೋಯ್ತು. ಚಾರ್ಜಿಗೆ ಹಾಕಿದ್ರೂ ಆನ್ ಆಗ್ತಿಲ್ಲ, ಏನ್ಮಾಡ್ಲಿ?" ಅಂತ. ನಾನು ಮೊದಲು ಹೇಳಿದ್ದು ಕೇಸಿನ ವಿಚಾರ ಅಲ್ಲ. "ತಾಯಿ, ಮೊದ್ಲು ಚಾರ್ಜರ್ ಕಿತ್ತಾಕು. ಒಲೆ ಹತ್ರ ಇಡಬೇಡ, ಅಕ್ಕಿ ಡಬ್ಬಕ್ಕೂ ಹಾಕಬೇಡ. ಇವತ್ತೇ ತಗೊಂಡು ಬಾ" ಅಂದೆ. ಸಂಘಟನೆಗೆ ಬರೋ ಮುಂಚೆ ನಾನು ಮೊಬೈಲ್ ರಿಪೇರಿ ಕಲಿತವನು ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಚರಿತ್ರೆ ಬರೀತಿದೀನಿ. ಇದನ್ನ ಬೇರೆ ಯಾರೂ ಬರೆಯಲ್ಲ.

ರಿಪೇರಿ ನಮಗೆ ಹೊಸದಲ್ಲ. ಕಪಿಲೆ ಬಾವಿಯ ತೊಗಲ ಬಾನಿ ಹರಿದರೆ ಹೊಲಿದವರು, ನೊಗಕ್ಕೆ ಮಿಣಿ ಹೊಸೆದವರು, ಮೆಟ್ಟು ಕಿತ್ತರೆ ಸರಿ ಮಾಡಿದವರು ನಮ್ಮಜ್ಜಂದಿರು. ರಂಪಿಗೆ ಹಿಡಿದ ಆ ಕೈಗೆ ತೊಗಲಿನ ದಪ್ಪ, ಎಳೆತ, ಎಲ್ಲಿ ಕುಯ್ದರೆ ಎಲ್ಲಿ ಹರಿಯುತ್ತೆ ಎಲ್ಲಾ ಗೊತ್ತಿತ್ತು. ಆದರೂ ಅದನ್ನ ವಿದ್ಯೆ ಅಂತ ಯಾರೂ ಕರೀಲಿಲ್ಲ. ಕೂಲಿ ಕೂಡ ದುಡ್ಡಲ್ಲ, ಸುಗ್ಗಿ ಕಣದಲ್ಲಿ ಕೊಟ್ಟಷ್ಟು ಕಾಳು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ಇದನ್ನೇ: ಜಾತಿ ಕೆಲಸವನ್ನ ಮಾತ್ರ ಹಂಚಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆಯುತ್ತೆ.

ಇನ್ನು ಹಾಸನ ನೋಡಿ. 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮೂರಲ್ಲೇ ಇದೆ. ದೇಶದ ಇನ್ಸಾಟ್ ಉಪಗ್ರಹಗಳನ್ನ ನಿಯಂತ್ರಿಸಿದ್ದು ಇಲ್ಲಿಂದ. ಆಕಾಶದಲ್ಲಿ 36 ಸಾವಿರ ಕಿಲೋಮೀಟರ್ ಮೇಲಿದ್ದ ಉಪಗ್ರಹದ ಜೊತೆ ಹಾಸನ ಮಾತಾಡ್ತಿದ್ದ ಕಾಲಕ್ಕೆ, ನಮ್ಮ ಕೇರಿಯಲ್ಲಿ ಯಾರಿಗಾದರೂ ಸಾವಿನ ಸುದ್ದಿ ಮುಟ್ಟಿಸಬೇಕಂದ್ರೆ ಒಬ್ಬ ಆಳು ಸೈಕಲ್ ತುಳಿದುಕೊಂಡು ಹೋಗಬೇಕಿತ್ತು. ಎಷ್ಟೋ ಕಡೆ ಊರಿನ ಸಾವಿನ ಸುದ್ದಿ ಸಾರೋ ಬಿಟ್ಟಿ ಚಾಕರಿಯೂ ನಮ್ಮದೇ ಆಗಿತ್ತು. ಸುದ್ದಿ ಹೊರೋದು ನಮ್ಮ ಕೆಲಸ, ಸುದ್ದಿಯ ಯಂತ್ರ ಮಾತ್ರ ನಮ್ಮದಲ್ಲ.

ದೇಶದ ಮೊದಲ ಮೊಬೈಲ್ ಕರೆ ಹೋಗಿದ್ದು 1995ರ ಜುಲೈ 31ರಂದು, ಕಲ್ಕತ್ತಾದಿಂದ ದೆಹಲಿಗೆ. ಆಗ ಬಂದ ಕರೆಗೂ ದುಡ್ಡು ಕಟ್ಟಬೇಕಿತ್ತು. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಬಂತು, 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಯ್ತು. ಅದೇ ವರ್ಷ ನೋಕಿಯಾ 1100. ತುದಿಯಲ್ಲಿ ಟಾರ್ಚು, ಧೂಳು ಒಳಕ್ಕೆ ಹೋಗದ ಕೀಪ್ಯಾಡು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಸೆಟ್ ಅದು. ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ, ಆಲೂಗಡ್ಡೆ ಅಗೆತದಲ್ಲಿ ಕೂಲಿಯವರ ಸೊಂಟಕ್ಕೆ ಅದು ಬಂದಾಗಲೇ ರಿಪೇರಿ ಅಂಗಡಿಗಳೂ ಹುಟ್ಟಿದ್ದು. ಹಾಸನ, ಚನ್ನರಾಯಪಟ್ಟಣ ಬಸ್‌ಸ್ಟ್ಯಾಂಡುಗಳ ಸುತ್ತ ಮೊದಲು ಒಂದು ಗಾಜಿನ ಡಬ್ಬ, ಒಂದು ಸ್ಟೂಲು, ಒಂದು ಸೋಲ್ಡರಿಂಗ್ ಐರನ್. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರೋಡು.

ನಾನು ಕಲಿತದ್ದು ಹಾಸನದ ಒಂದು ಅಂಗಡಿಯಲ್ಲಿ, ನಿಂತುಕೊಂಡು ನೋಡಿ. ಮೊದಲ ಆರು ತಿಂಗಳು ಬರೀ ಸ್ಕ್ರೂ ಬಿಚ್ಚೋದು, ಥಿನ್ನರ್‌ನಲ್ಲಿ ಬೋರ್ಡ್ ತೊಳೆಯೋದು, ಟೀ ತರೋದು. ಆಮೇಲೆ ಮೀಟರ್ ಕೈಗೆ ಬಂತು. 'ಇನ್ಸರ್ಟ್ ಸಿಮ್' ಅಂತ ತೋರಿಸಿದರೆ ಮೊದಲು ಸಿಮ್ ಸಾಕೆಟ್ಟಿನ ಪಿನ್ನು ಎತ್ತಿ ನೋಡು, ಆಮೇಲೆ ಟ್ರ್ಯಾಕ್ ಕಟ್ಟಾಗಿದ್ರೆ ಕೂದಲೆಳೆ ತಂತಿಯಲ್ಲಿ ಜಂಪರ್ ಹೊಡಿ. ಹೀಗೆ. ನಮ್ಮಪ್ಪನ ರಂಪಿಗೆಗೂ ನನ್ನ ಕೈಯ ಟ್ವೀಸರ್‌ಗೂ ಬಹಳ ದೂರ ಇಲ್ಲ ಅಂತ ಆಗಲೇ ಅನ್ನಿಸಿತ್ತು. ಒಂದೇ ವ್ಯತ್ಯಾಸ. ನನ್ನನ್ನ ಜನ 'ಮೆಕ್ಯಾನಿಕ್' ಅಂತಿದ್ರು. ಕೆಲಸಕ್ಕೆ ರೇಟ್ ಇತ್ತು, ನಗದು ಕೊಡ್ತಿದ್ರು.

ಇನ್ನೊಂದು ವಿಷಯ. ಊರಿನ ಹೋಟೆಲಲ್ಲಿ ನನಗೆ ಬೇರೆ ಲೋಟ ಕೊಟ್ಟವರೇ ಪೇಟೆಗೆ ಬಂದು, ದಿನವಿಡೀ ತುಟಿಗೆ ಕೆನ್ನೆಗೆ ಒತ್ತಿಕೊಂಡ ಫೋನನ್ನ ನನ್ನ ಕೈಗೆ ಕೊಡ್ತಿದ್ರು. ನಾನು ಬಿಚ್ಚಿ, ಉಜ್ಜಿ, ನನ್ನ ಕಿವಿಗಿಟ್ಟು ಟೆಸ್ಟ್ ಮಾಡಿ ವಾಪಸ್ ಕೊಟ್ಟರೆ ಹಾಗೇ ಕಿವಿಗೆ ಹಚ್ಚಿಕೊಳ್ತಿದ್ರು. ಪೇಟೆಯಲ್ಲಿ ನನ್ನ ಜಾತಿ ಕೇಳುವ ತಾಳ್ಮೆ ಅವರಿಗಿರಲಿಲ್ಲ. ಬಾಬಾಸಾಹೇಬರು ಹಳ್ಳಿ ಬಿಡಿ ಅಂದದ್ದು ಯಾಕೆ ಅಂತ ನನಗೆ ಪುಸ್ತಕಕ್ಕಿಂತ ಮೊದಲು ಆ ಕೌಂಟರಲ್ಲಿ ಗೊತ್ತಾಯ್ತು.

ಹಾಗಂತ ಜಾತಿ ಸತ್ತೋಯ್ತು ಅಂದ್ಕೋಬೇಡಿ. ಸ್ವಂತ ಅಂಗಡಿ ಮಾಡೋಕೆ ಹೊರಟಾಗ ಒಬ್ಬ ಕಟ್ಟಡದ ಮಾಲೀಕರು ಅಡ್ವಾನ್ಸ್ ಮಾತಾಡಿ ಮುಗಿಸಿದ ಮೇಲೆ ಕೇಳಿದ್ರು: "ಅಲ್ಲಪ್ಪಾ, ಯಾವ ಜನ ನಿಮ್ದು?" ಹೇಳಿದೆ. ಮಾರನೇ ದಿನ ಆ ಮಳಿಗೆ ಅವರ ಅಳಿಯನಿಗೆ ಬೇಕಾಗಿತ್ತು. ಎರಡು ವರ್ಷ ಖಾಲಿಯೇ ಇತ್ತು. ಕೈ ಮುಟ್ಟಬಹುದು, ಆದರೆ ಹೆಸರು ಬೋರ್ಡಿನ ಮೇಲೆ ಬರಬಾರದು. ನಮ್ಮ ಎಷ್ಟೋ ಹುಡುಗರು ಇವತ್ತಿಗೂ ಬೇರೆಯವರ ಅಂಗಡಿಯ ಹಿಂದಿನ ಟೇಬಲ್ಲಿನಲ್ಲೇ ಇದಾರೆ.

ಈ ಕಸುಬಿಗೆ ಏಟುಗಳೂ ಬಿದ್ದವು. 2007ರಲ್ಲಿ ನೋಕಿಯಾದ ಬಿಎಲ್-5ಸಿ ಬ್ಯಾಟರಿ ಬಿಸಿಯಾಗುತ್ತೆ ಅಂತ ಕಂಪನಿಯೇ ಎಚ್ಚರಿಕೆ ಕೊಟ್ಟಾಗ ಜನ ಗಾಬರಿಬಿದ್ದು ಅಂಗಡಿಗೆ ಬಂದ್ರು. 2009ರ ನವೆಂಬರ್ 30ರ ನಂತರ ಐಎಂಇಐ ನಂಬರ್ ಇಲ್ಲದ ಚೈನಾ ಸೆಟ್‌ಗಳಿಗೆ ಸಿಗ್ನಲ್ ಕಟ್. ಎಂಪಿ3, ದೊಡ್ಡ ಸ್ಪೀಕರು, ಎರಡು ಸಿಮ್ ಅಂತ ಕೂಲಿ ದುಡ್ಡಲ್ಲಿ ಅಂಥ ಸೆಟ್ ಕೊಂಡವರು ನಮ್ಮ ಕೇರಿಯವರೇ ಹೆಚ್ಚು. 2016ರಲ್ಲಿ ಜಿಯೋ ಬಂದ ಮೇಲೆ ಸ್ಮಾರ್ಟ್‌ಫೋನ್ ಹೊಲಕ್ಕೂ ಬಂತು, ಅದರ ಜೊತೆ ಕ್ಯಾಮೆರಾನೂ ಬಂತು.

ಆ ಕ್ಯಾಮೆರಾ ಯಾಕೆ ಮುಖ್ಯ? 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಬಸವೇಶ್ವರ ದೇವಸ್ಥಾನಕ್ಕೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ದು ನೆನಪಿದೆಯಲ್ಲ? 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ನಮ್ಮವರು ದೇವಸ್ಥಾನದ ಒಳಗೆ ಕಾಲಿಡೋಕೆ ಅಧಿಕಾರಿಗಳೇ ಎದುರು ನಿಲ್ಲಬೇಕಾಯ್ತು. ಇಂಥ ಕಡೆ "ಹಂಗೇನೂ ನಡೆದೇ ಇಲ್ಲ" ಅನ್ನೋ ಮಾತು ಯಾವಾಗಲೂ ರೆಡಿ ಇರುತ್ತೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದ್ದರೂ ಸಾಕ್ಷಿ ಹೇಳೋರು ಅದೇ ಊರಲ್ಲಿ ಕೂಲಿಗೆ ಹೋಗಬೇಕಲ್ಲ. ವಿಡಿಯೋ ಮಾತ್ರ ಕೂಲಿಗೆ ಹೋಗಲ್ಲ.

ಈಗ ಆ ಹೆಣ್ಣುಮಗಳ ಫೋನಿಗೆ ಬರ್ತೀನಿ. ಹಳೇ ಸೆಟ್‌ಗಳಲ್ಲಿ ಬೋರ್ಡ್ ಸತ್ತರೂ ಮೆಮೊರಿ ಐಸಿ ಕಿತ್ತು ಬೇರೆ ಕಡೆ ಓದಬಹುದಿತ್ತು. ಈಗಿನವುಗಳಲ್ಲಿ ಡೇಟಾಗೆ ಬೀಗ ಬಿದ್ದಿರುತ್ತೆ, ಬೀಗದ ಕೀಲಿ ಸಿಪಿಯು ಹತ್ರ. ಅಂದ್ರೆ ಅದೇ ಬೋರ್ಡನ್ನೇ ಬದುಕಿಸಬೇಕು. ನನ್ನ ಹಳೇ ಶಿಷ್ಯನ ಅಂಗಡಿಗೆ ಕರ್ಕೊಂಡು ಹೋದೆ. ಬೋರ್ಡ್ ಬಿಚ್ಚಿ, ಐಪಿಎಯಲ್ಲಿ ತೊಳೆದು, ಒಣಗಿಸಿ, ಡಿಸಿ ಸಪ್ಲೈ ಕೊಟ್ಟ. ಪವರ್ ಬಟನ್ ಒತ್ತೋಕೆ ಮುಂಚೆನೇ ಕರೆಂಟ್ ಎಳೀತಿತ್ತು. ಬ್ಯಾಟರಿ ಲೈನಲ್ಲೇ ಶಾರ್ಟ್. ಬೋರ್ಡ್ ಮೇಲೆ ರಾಳದ ಹೊಗೆ ಹಿಡಿಸಿ ಮತ್ತೆ ಕಮ್ಮಿ ವೋಲ್ಟೇಜ್ ಕೊಟ್ಟ. ಬಿಳಿ ಪದರ ಒಂದೇ ಕಡೆ ಕರಗಿತು, ಸಾಸಿವೆಗಿಂತ ಸಣ್ಣ ಕೆಪಾಸಿಟರ್. ಬ್ಲೋವರ್ ಹಿಡಿದು ಅದನ್ನ ಎತ್ತಿದ. ಫೋನ್ ಆನ್ ಆಯ್ತು. ಆ ಹುಡುಗಿ ಅಳ್ತಾ ಕೂತಳು.

ಅಲ್ಲಿಂದ ಮುಂದೆ ಯಾರೂ ವಿಡಿಯೋ ಎಡಿಟ್ ಮಾಡಬಾರದು, ಆ ಫೋನಿಗೆ ರೀಸೆಟ್ ಹೊಡೀಬಾರದು, ಮೂಲ ಫೋನ್ ಹಾಗೇ ಇಡಬೇಕು. ಕಾಪಿ ಕೊಟ್ಟರೆ ಕೋರ್ಟಿಗೆ ಪ್ರಮಾಣಪತ್ರ ಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63. ಇದು ಪ್ರತಿ ಕೇರಿಯ ಹುಡುಗರಿಗೂ ಗೊತ್ತಿರಬೇಕು.

ಈಗ ಕಂಪನಿಗಳು ಬಿಡಿಭಾಗಕ್ಕೂ ಬೀಗ ಹಾಕ್ತಿವೆ. ಹೊರಗಡೆ ಡಿಸ್‌ಪ್ಲೇ ಹಾಕಿಸಿದರೆ ಕೆಲವು ಫೋನ್ 'ಇದು ಅಸಲಿ ಅಲ್ಲ' ಅಂತ ಎಚ್ಚರಿಸುತ್ತೆ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಆದರೆ ಅದು ಕಾನೂನಲ್ಲ. ಸ್ಟೂಲ್ ಮೇಲೆ ಕೂತು ಕಲಿತವನ ಕೈಯಿಂದ ಈ ವಿದ್ಯೆಯನ್ನ ಕಿತ್ತುಕೊಂಡರೆ ನಮಗೆ ಸಿಕ್ಕ ಒಂದು ನಗದು ಕಸುಬೂ ಹೋಗುತ್ತೆ.

ಅದಕ್ಕೇ ಕೇಳ್ತಿದೀನಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗೆಳೆಯರೇ, ಬ್ಯಾಂಕುಗಳು ನಡೆಸೋ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಮೊಬೈಲ್ ರಿಪೇರಿಯ 30 ದಿನದ ಕೋರ್ಸ್ ಪುಕ್ಕಟೆ ಇದೆ. ಹುಡುಗರನ್ನಷ್ಟೇ ಅಲ್ಲ, ಹೆಣ್ಣುಮಕ್ಕಳನ್ನೂ ಕಳಿಸಿ. ನಮ್ಮ ಹುಡುಗರಿಗೆ ಪುರಸಭೆ ಮಳಿಗೆಗಳಲ್ಲಿ ಪರಿಶಿಷ್ಟರಿಗೆ ಮೀಸಲಾದದ್ದು ನಿಜವಾಗಿ ಯಾರ ಕೈಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಅರ್ಜಿ ನಾನು ಬರೆದುಕೊಡ್ತೀನಿ.

ನಿಮ್ಮೂರಲ್ಲಿ ಮೊದಲು ರಿಪೇರಿ ಕಲಿತ ನಮ್ಮವರು ಯಾರು, ಯಾವ ವರ್ಷ, ಎಲ್ಲಿ ಕೂತಿದ್ರು? ಅವರ ಒಪ್ಪಿಗೆ ತಗೊಂಡು ಬರೆದು ಕಳಿಸಿ. ನಮ್ಮ ಚರಿತ್ರೆ ನಾವೇ ಜೋಡಿಸೋಣ.

ಜೈ ಭೀಮ್.