ಸೈಕಲ್ ಮ್ಯಾಲೆ ಇತಿಹಾಸ, ಭಾಗ 4: ಮೋರಟಗಿ ಆಚೆ ನಿಜಾಮನ ಗಡಿ

ಮೋರಟಗಿಯಿಂದ ಜೇವರ್ಗಿ ಕಡೆ ಸೈಕಲ್ ತುಳಿದು ನೋಡ್ರಿ. ಎರಡೂ ಬದಿ ಎರಿ ಹೊಲ, ತೊಗರಿ, ಹತ್ತಿ, ಹಿಂಗಾರಿಯೊಳಗ ಬಿಳಿಜೋಳ. ಸಿಂದಗಿ ಸೀಮೆ ಮುಗಿದು ಕಲಬುರಗಿ ಜಿಲ್ಲೆ ಯಾವಾಗ ಶುರು ಆಯ್ತು, ಗೊತ್ತೇ ಆಗೂದಿಲ್ಲ. ಮಣ್ಣೂ ಅದೇ, ಮಾತೂ ಅದೇ.

ಆದ್ರ 1948ರ ತನಕ ಇಲ್ಲಿ ಎರಡು ಆಳ್ವಿಕೆಗಳ ಗಡಿ ಇತ್ತು. ಈ ಕಡೆ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆ ಕಡೆ ನಿಜಾಮನ ಹೈದರಾಬಾದ್ ಸಂಸ್ಥಾನ: ರೊಕ್ಕ ಹಾಲಿ ಸಿಕ್ಕಾ, ಕಚೇರಿ ಭಾಷೆ ಉರ್ದು, ಸುಂಕವೂ ಬ್ಯಾರೆ.

1947ರ ಆಗಸ್ಟ್ 15ರಂದು ಈ ಕಡೆ ಸ್ವಾತಂತ್ರ್ಯ ಬಂತು. ಆ ಕಡೆಯವರು ಇನ್ನೂ 13 ತಿಂಗಳು ಕಾಯಬೇಕಾಯ್ತು. ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಮನೆತನಗಳು ಸಂಸ್ಥಾನದ ಗಡಿ ದಾಟಿದವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಯಿತು. 1956ರ ನವೆಂಬರ್ 1ರಂದು ಎರಡೂ ಕಡೆ ಒಂದೇ ರಾಜ್ಯವಾದವು.

ಬಸ್ಸಿನಾಗ ಹೋದ್ರ ಈ ಗಡಿ ಕಣ್ಣಿಗೆ ಬೀಳೂದಿಲ್ಲ. ಸೈಕಲ್ ಆದ್ರ ಬೇವಿನ ಗಿಡದ ಕೆಳಗ ನಿಲ್ಲಿಸಿ ಕೇಳಬಹುದು: "ಯಜ್ಜಾ, ಆಗ ನಿಮ್ಮ ಮನಿಯವ್ರು ಎಲ್ಲಿದ್ರು?" ಆ ದಿನ ಕಂಡು ನೆನಪಿಟ್ಟವರಿಗೆ ಈಗ 80 ದಾಟ್ಯಾವ. ಅವರ ಮಾತು ನಮ್ಮ ಪಠ್ಯಪುಸ್ತಕದಾಗ ಸಿಗೂದಿಲ್ಲ. ಈ ರಜೆಯೊಳಗೇ ಹೋಗಿ ಕೇಳ್ರಿ, ಬರೆದಿಡ್ರಿ.

#ಮೋರಟಗಿ #ಸಿಂದಗಿ #ಸೈಕಲ್‌ಇತಿಹಾಸ