ಬಾರಕೂರು ಬಸರೂರುಗಳ ಬಂದರು ಸುಂಕ

ಈಗ ಉಡುಪಿ ಜಿಲ್ಲೆಗೆ ಸೇರಿರುವ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳ ಕರಾವಳಿಯಲ್ಲಿ ಪೂರ್ವಕಾಲದಿಂದಲೂ ಎರಡು ಪಟ್ಟಣಗಳು ವ್ಯಾಪಾರಕ್ಕೆ ಹೆಸರಾಂತುವು. ಸೀತಾನದಿಯ ಬಳಿಯ ಬಾರಕೂರು ಒಂದು, ವಾರಾಹಿಯ ದಡದ ಬಸರೂರು ಮತ್ತೊಂದು. ಇವುಗಳ ರಾಜಕೀಯ ಚರಿತ್ರೆಯನ್ನು ಕುರಿತು ವಿದ್ವಾಂಸರು ಬಹಳವಾಗಿ ಬರೆದಿರುವರು. ಪ್ರಭುತ್ವವು ವಿಧಿಸಿದ ಸುಂಕಕಟ್ಟಳೆಗಳು ಇಲ್ಲಿಯ ವರ್ತಕರನ್ನೂ ದುಡಿಯುವವರನ್ನೂ ಹೇಗೆ ಮುಟ್ಟಿದುವೆಂಬ ವಿಷಯವನ್ನು ಮಾತ್ರ ಪ್ರಕೃತದಲ್ಲಿ ವಿಚಾರಿಸುತ್ತೇವೆ.

ಸುಂಕವೆಂಬುದು ಸಂಸ್ಕೃತದ ಶುಲ್ಕ ಶಬ್ದದ ತದ್ಭವವು. ಇದರ ಧರ್ಮವೇನೆಂಬುದನ್ನು ಕೌಟಿಲ್ಯನು ನಾವಧ್ಯಕ್ಷ ಪ್ರಕರಣದಲ್ಲಿ ಹೇಳಿದ್ದಾನೆ. ಈ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಪ್ರಕಟಗೊಳಿಸಿದರೆಂಬುದು ಸರ್ವವಿದಿತವಾಗಿದೆ. ವರ್ತಕರು ಪಟ್ಟಣದ ರೂಢಿಯಂತೆ ಶುಲ್ಕವನ್ನು ಕೊಡಬೇಕು. ತನ್ನ ಎಲ್ಲೆಗೆ ಬಂದ ಹಡಗಿನಿಂದ ಅಧಿಕಾರಿಯು ಅದನ್ನು ಕೇಳಬೇಕು. ಬಿರುಗಾಳಿಗೆ ಸಿಕ್ಕಿದ ಹಡಗನ್ನು ತಂದೆಯಂತೆ ಅನುಗ್ರಹಿಸಬೇಕು. ನೀರು ತಾಗಿ ಕೆಟ್ಟ ಸರಕಿಗೆ ಶುಲ್ಕವನ್ನು ಬಿಡಬೇಕು ಅಥವಾ ಅರ್ಧವನ್ನು ಮಾತ್ರ ಕೊಳ್ಳಬೇಕು. ಇದು ಆತನ ಅಭಿಪ್ರಾಯ. ಸುಂಕಕ್ಕೆ ಪ್ರತಿಯಾಗಿ ರಕ್ಷಣೆಯುಂಟೆಂಬುದೂ, ಅದರ ಪ್ರಮಾಣವು ಮೊದಲೇ ಗೊತ್ತಾದುದೆಂಬುದೂ ಇದರ ತಾತ್ಪರ್ಯವು.

ಆದರೆ ಬಾರಕೂರಿನಲ್ಲಿ ನಡೆದುದು ಬೇರೆ. 14ನೆಯ ಶತಮಾನದ ನಡುಭಾಗದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು ಬಸರೂರನ್ನು ಅಬು ಸರೂರ್ ಎಂದೂ ಬಾರಕೂರನ್ನು ಫಾಕನೂರ್ ಎಂದೂ ಕರೆದಿದ್ದಾನೆ. ಬಾರಕೂರಿನ ಕಬ್ಬಿಗೆ ಆ ಸೀಮೆಯಲ್ಲಿ ಸಮಾನವಿಲ್ಲವೆಂದು ಹೊಗಳಿದ ಆತನೇ ಅಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದುವೆಂದೂ, ಅವುಗಳ ನಾಯಕನು ವರ್ತಕರನ್ನು ಸುಲಿಯುವವನೆಂದೂ ಹೇಳಿದ್ದಾನೆ. ಮಾರ್ಗವಾಗಿ ಹೋಗುವ ಹಡಗುಗಳೆಲ್ಲವೂ ಲಂಗರುಹಾಕಿ ಬಂದರಿನ ಹಕ್ಕೆಂಬ ಕಾಣಿಕೆಯನ್ನು ಒಪ್ಪಿಸಬೇಕಾಗಿದ್ದಿತು. ಒಪ್ಪಿಸದೆ ಮುಂದುವರಿದ ಹಡಗನ್ನು ಬೆನ್ನಟ್ಟಿ ಹಿಡಿತಂದು, ಇಮ್ಮಡಿ ಸುಂಕವನ್ನು ವಸೂಲುಮಾಡಿ, ಮನಬಂದಷ್ಟು ಕಾಲ ತಡೆದಿಡುತ್ತಿದ್ದರು. ಕೌಟಿಲ್ಯನು ಕೇಳು ಎಂದಲ್ಲಿ ಇಲ್ಲಿ ಕಿತ್ತುಕೊಳ್ಳಲಾಯಿತು. ಕಡಲುಗಳ್ಳರ ಕಾಟವಿದ್ದ ಕಾಲದಲ್ಲಿ ನೌಕಾಬಲಕ್ಕೆ ವೆಚ್ಚವುಂಟಷ್ಟೆ, ಎಂದು ಅರಸನ ಪಕ್ಷದಿಂದ ಹೇಳಬಹುದು. ಮಾತು ಸತ್ಯವೇ. ಆದರೆ ಕಾವಲಿನ ಹಡಗೇ ಕಳ್ಳನ ಕೆಲಸವನ್ನು ಮಾಡಿದರೆ ವರ್ತಕನು ಯಾರಲ್ಲಿ ದೂರಬೇಕು?

ಬಸರೂರಿನ ರೀತಿಯು ಇದಕ್ಕಿಂತ ಭಿನ್ನವಾಗಿದ್ದಿತು. ಅಲ್ಲಿಯ ಶಾಸನಗಳಲ್ಲಿ ಸೆಟ್ಟಿಕಾರರು, ಹಲರು, ನಖರ, ಹಂಜಮಾನ ಎಂಬ ಸಂಘಗಳು ಕಾಣಬರುತ್ತವೆ. ವರ್ತಕರು ಒಬ್ಬೊಬ್ಬರಾಗಿ ಅಧಿಕಾರಿಗೆ ತಲೆಬಾಗದೆ ಒಟ್ಟಾಗಿ ನಿಂತು ಪಟ್ಟಣದ ಆಡಳಿತದಲ್ಲಿ ಪಾಲುಗೊಂಡುದರಿಂದ ವ್ಯವಹಾರವು ಬೆಳೆಯಿತೆಂದು ಊಹಿಸಬಹುದಾಗಿದೆ. ಸುಮಾರು 1516ರಲ್ಲಿ ಬರೆದ ದುವಾರ್ತೆ ಬಾರ್ಬೋಸನು ಈ ಎರಡು ಪಟ್ಟಣಗಳ ಅಕ್ಕಿಯು ಮಲೆಯಾಳ ದೇಶಕ್ಕೂ ಓರ್ಮುಜ್, ಏಡನ್‌ಗಳಿಗೂ ಹೋಗುತ್ತಿದ್ದುದನ್ನು ತಿಳಿಸಿದ್ದಾನೆ.

ಆ ಅಕ್ಕಿಯೇ ಪಟ್ಟಣಕ್ಕೆ ಆಪತ್ತನ್ನೂ ತಂದಿತು. ಗೋವೆಯ ಪೋರ್ಚುಗೀಸರಿಗೆ ಅದು ಬೇಕಾಗಿದ್ದಿತು. ತಮ್ಮ ರಹದಾರಿಯಿಲ್ಲದ ಹಡಗನ್ನು ಹಿಡಿಯುವ ಪದ್ಧತಿಯನ್ನು ಅವರು ಕಡಲಿನಲ್ಲೆಲ್ಲ ನಡೆಸಿದರು. ಬಾರಕೂರಿನ ಬಂದರಿನ ಹಕ್ಕೇ ದೊಡ್ಡ ರೂಪದಿಂದ ಮರಳಿ ಬಂದಂತಾಯಿತು. 1569ರಲ್ಲಿ ಬಸರೂರಿನ ಮೇಲೆ ಬಿದ್ದು, ಪಟ್ಟಣಕ್ಕಿಂತ ಕೆಳಗೆ, ಹೊಳೆಯ ಮುಖದ ಕಡೆಗೆ ಕೋಟೆಯನ್ನು ಕಟ್ಟಿದರು. 1623ರಲ್ಲಿ ಬಂದ ಪಿಯೆತ್ರೊ ದೆಲ್ಲಾ ವಾಲೆಯು ಕೆಳಗಣ ಬಸರೂರು, ಮೇಲಣ ಬಸರೂರು ಎಂದು ಎರಡನ್ನು ಬೇರೆಬೇರೆಯಾಗಿ ವರ್ಣಿಸಿದ್ದಾನೆ. ಬಾಗಿಲು ಪರರ ಕೈಯಲ್ಲಿದ್ದ ಮೇಲೆ ಮನೆಯೊಡೆಯನ ಮಾತಿಗೆ ಬೆಲೆಯೇನು? 1652–54ರ ಅವಧಿಯಲ್ಲಿ ಕೆಳದಿಯ ಶಿವಪ್ಪನಾಯಕನು ಅವರ ಕೋಟೆಗಳನ್ನು ತೆಗೆದುಕೊಂಡನು. 1665ರಲ್ಲಿ ಶಿವಾಜಿಯು ಕಡಲಮಾರ್ಗದಿಂದ ಬಂದು ಬಸರೂರನ್ನು ಸೂರೆಮಾಡಿದನು. ಕಾಲಕ್ರಮದಲ್ಲಿ ಹೊಳೆಯ ಮುಖದ ಕುಂದಾಪುರವು ಬೆಳೆದು, ಬಸರೂರು ಗ್ರಾಮವಾಗಿ ಉಳಿಯಿತು.

ಇದುವರೆಗೆ ಹೇಳಿದುದು ಹಡಗಿನೊಡೆಯರ ಕಷ್ಟ. ಕಟ್ಟಳೆಯು ಕೂಲಿಯವನನ್ನು ಹೇಗೆ ಹಿಡಿಯಿತೆಂಬುದಕ್ಕೆ ಉಪ್ಪೇ ಸಾಕ್ಷಿ. ಕುಂದಾಪುರದ ಬಳಿ ಉಪ್ಪಿನಕುದ್ರು ಎಂಬ ಊರುಂಟು. ಕುದ್ರು ಎಂದರೆ ಹೊಳೆಯ ನಡುಗಡ್ಡೆ. ಇಲ್ಲಿ ಉಪ್ಪಿನ ಕೆಲಸವಿದ್ದಿತೆಂಬುದನ್ನು ಹೆಸರೇ ಸಾರುತ್ತದೆ. ಕಂಪೆನಿ ಸರಕಾರವು 1807ರಲ್ಲಿ ಕನ್ನಡ ಜಿಲ್ಲೆಯಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಆ ಪದ್ಧತಿಯಂತೆ ಆಗರದಲ್ಲಿ ತಯಾರಿಸಿದವನು ಸರಕಾರಕ್ಕೇ, ಸರಕಾರವು ಗೊತ್ತುಮಾಡಿದ ಬೆಲೆಗೇ ಮಾರಬೇಕು. ತಾನು ಬೆಳೆದ ಉಪ್ಪನ್ನು ತಾನೇ ಹೆಚ್ಚಿನ ಬೆಲೆಗೆ ಕೊಳ್ಳಬೇಕು. ಕೊಳ್ಳುವವನು ಒಬ್ಬನೇ ಆದಲ್ಲಿ ದುಡಿಯುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ. ಅವನಿಗೆ ಸೆಟ್ಟಿಕಾರರಂಥ ಸಂಘವೂ ಇರಲಿಲ್ಲ. ಉಪ್ಪಿನ ತೆರಿಗೆಯು ರದ್ದಾದುದು 1947ರಲ್ಲಿ.

ಇವುಗಳಿಂದ ನಾವು ನಿಶ್ಚಯಿಸುವುದು ಇಷ್ಟು. ಸುಂಕವು ಹೆಚ್ಚಾದುದರಿಂದ ಮಾತ್ರವೇ ಈ ಪಟ್ಟಣಗಳು ಕೆಡಲಿಲ್ಲ. ಕೊಡುವವನ ಮಾತನ್ನು ಕೇಳದೆ ಅದನ್ನು ಗೊತ್ತುಮಾಡಿದುದರಿಂದಲೂ, ಕೊಂಡುದಕ್ಕೆ ಪ್ರತಿಯಾಗಿ ರಕ್ಷಣೆ ದೊರೆಯದುದರಿಂದಲೂ ಕೆಟ್ಟುವು. ವ್ಯಾಪಾರದ ವಿಷಯದಲ್ಲಿ ಹೊಸ ಕಟ್ಟಳೆಯನ್ನು ಮಾಡಬಯಸುವವರು ಅಂಗಡಿಯವನನ್ನೂ ಆಗರದವನನ್ನೂ ಒಂದೇ ಸಭೆಗೆ ಕರೆದು ಕೇಳುವುದು ಯುಕ್ತವು. ಬಸರೂರಿನ ಹಲರು ಎಂಬ ಶಬ್ದದ ಅರ್ಥವೂ ಅದೇ: ಒಬ್ಬನಲ್ಲ, ಹಲವರು.